ಹೆಸರಿಲ್ಲದ ಪ್ರಬಂಧ

ಮೂರನೇ ಸಾಲಿನಲ್ಲಿ ಕುಳಿತ ಹೆಂಗಸಿನ ತುಟಿಗಳು ಅಲುಗುತ್ತಿದ್ದವು.

ಪ್ರೊಫೆಸರರು ಅದನ್ನು ಗಮನಿಸಿದ್ದು ಎರಡನೇ ಪುಟಕ್ಕೆ ಬಂದಾಗ. ಪ್ರಾರ್ಥನೆ ಇರಬೇಕು ಅಂದುಕೊಂಡರು. ಆಮೇಲೆ ಆ ತುಟಿಗಳನ್ನೇ ದಿಟ್ಟಿಸಿದರು. ತಾವು ಓದುತ್ತಿದ್ದ ವಾಕ್ಯವನ್ನೇ ಆಕೆ ಹೇಳಿಕೊಳ್ಳುತ್ತಿದ್ದಳು. ಅದೂ ತಮಗಿಂತ ಒಂದು ಮಾತು ಮುಂದೆ. ಆಕೆಯ ಕೈಯಲ್ಲಿ ಕಾಗದ ಇರಲಿಲ್ಲ.

ಹಾಗಾದರೆ ಬರೆದವಳು ಇವಳೇ.

ಕ್ರೈಸ್ತ ನೀತಿ ಮತ್ತು ನ್ಯಾಯದ ಕುರಿತು ವಿದ್ವಾಂಸರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ ಅದು. ಈ ಸಲದ ಮುಖ್ಯ ಉಪನ್ಯಾಸ ಪ್ರೊಫೆಸರರದು. ಎದುರಿಗೆ ಇನ್ನೂರು ಜನ ಅಧ್ಯಾಪಕರು, ಪಾದ್ರಿಗಳು.

ಹಿಂದಿನ ವರ್ಷ ಸಮ್ಮೇಳನಕ್ಕೆ ಬಂದ ಪ್ರಬಂಧಗಳನ್ನು ಪರಿಶೀಲಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಬರೆದವರು ಯಾರೆಂದು ತಿಳಿಯಬಾರದೆಂದು ಕಚೇರಿಯವರು ಹೆಸರು, ವಿಳಾಸ, ಜೊತೆಗಿದ್ದ ಪತ್ರ ಎಲ್ಲ ತೆಗೆದೇ ಕಳಿಸುತ್ತಿದ್ದರು. ಅದರಲ್ಲೊಂದು ಹನ್ನೊಂದು ಪುಟದ್ದು. ಅಡಿಟಿಪ್ಪಣಿ ಒಂದೂ ಇಲ್ಲ. ಎದುರು ಕುಳಿತವರ ಮುಖ ನೋಡಿಕೊಂಡು ಮಾತಾಡಿದಂತಿತ್ತು. ತಾನು ಹೇಳಬೇಕೆಂದಿದ್ದುದೆಲ್ಲ ಇಲ್ಲಿದೆಯಲ್ಲ ಎಂದು ಅವರ ಹೊಟ್ಟೆ ಉರಿಯಿತು. ಒಂಬತ್ತು ವರ್ಷಗಳಿಂದ ಅವರ ಕೈಯಲ್ಲಿ ಒಂದು ಒಳ್ಳೆಯ ಪುಟ ಬಂದಿರಲಿಲ್ಲ. 'ಸ್ವಂತಿಕೆ ಸಾಲದು' ಎಂದು ಷರಾ ಬರೆದು ಹಿಂದಿರುಗಿಸಿದರು. ಅದರ ಒಂದು ಪ್ರತಿ ಇಟ್ಟುಕೊಂಡು, ಈ ವರ್ಷ ಅದನ್ನೇ ತಮ್ಮ ಉಪನ್ಯಾಸ ಮಾಡಿಕೊಂಡರು.

"ಮದುವೆಯಾದ ಹೊಸದರಲ್ಲಿ ಹೀಗೇ ಮಾತಾಡ್ತಿದ್ರಿ," ಎಂದಿದ್ದರು ಹೆಂಡತಿ, ಉಪನ್ಯಾಸ ಓದಿ ಕಣ್ಣೊರೆಸಿಕೊಳ್ಳುತ್ತ. "ಆ ಮನುಷ್ಯ ಇಷ್ಟು ದಿನ ಎಲ್ಲಿಗೆ ಹೋಗಿದ್ರು ರೀ?"

ಅವರು ಹಾಳೆಗಳನ್ನು ಇಸಿದುಕೊಂಡು ಚೀಲಕ್ಕೆ ಹಾಕಿದ್ದರು.

"ದೇವರ ಹತ್ತಿರ ಕ್ಷಮೆ ಕೇಳುವುದು ಸುಲಭ," ಪ್ರೊಫೆಸರರು ಮುಂದೆ ಓದಿದರು. "ಅವನು ಕಣ್ಣಿಗೆ ಕಾಣುವುದಿಲ್ಲ. ನಿನ್ನಿಂದ ಅನ್ಯಾಯವಾದವರ ಮನೆ ಬಾಗಿಲು ತಟ್ಟಿ ನೋಡು, ಆಗ ಗೊತ್ತಾಗುತ್ತದೆ..."

ಅಲ್ಲಿಗೆ ಓದುವುದನ್ನು ನಿಲ್ಲಿಸಿದರು. ಆಕೆ ಅವರನ್ನೇ ನೋಡುತ್ತಿದ್ದಳು.

"ಸರ್, ಹುಷಾರಿಲ್ವಾ?" ಅಧ್ಯಕ್ಷೆ ನೀರಿನ ಲೋಟ ಮುಂದೆ ಸರಿಸಿದರು.

"ಹುಷಾರಾಗೇ ಇದೀನಿ ಮೇಡಂ." ಮೈಕು ಎಲ್ಲವನ್ನೂ ಸಭೆಗೆ ಮುಟ್ಟಿಸುತ್ತಿತ್ತು. "ಈ ಪ್ರಬಂಧ ನಂದಲ್ಲ. ಕದ್ದಿದ್ದು."

ಹುದ್ದೆ, ಮರ್ಯಾದೆ, ಮೂವತ್ತು ವರ್ಷದ ಹೆಸರು ಎಲ್ಲ ಆ ಒಂದು ಮಾತಿಗೆ ಹೋಯಿತೆಂದು ಅವರಿಗೆ ಗೊತ್ತಿತ್ತು. ಮೆಟ್ಟಿಲಿಳಿದು ಮೂರನೇ ಸಾಲಿಗೆ ಹೋಗಿ, ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದರು.

"ಕ್ಷಮಿಸಿ ಅಮ್ಮಾ. ಇದು ನಿಮ್ಮದು."

ಹೆಂಗಸು ಗಾಬರಿಯಿಂದ ಎದ್ದು ನಿಂತಳು. "ಅಯ್ಯೋ, ನಂದಲ್ಲ ಸರ್. ನಾನು ಬರೀ ಟೈಪ್ ಮಾಡಿದ್ದು. ಪತ್ರದಲ್ಲಿ ಎಲ್ಲಾ ಬರೆದಿದ್ನಲ್ಲ?"

"ಪತ್ರ ನನ್ನ ಕೈಗೆ ಬರಲಿಲ್ಲ. ಹಾಗಾದ್ರೆ ಯಾರದು?"

"ನಮ್ಮಪ್ಪನ ನೋಟ್‌ಬುಕ್ಕಲ್ಲಿತ್ತು. ಅಪ್ಪ ಜೈಲಲ್ಲಿದ್ದಾಗ ಶನಿವಾರ ಶನಿವಾರ ಒಬ್ಬರು ಮೇಷ್ಟ್ರು ಬಂದು ಮಾತಾಡ್ತಿದ್ರಂತೆ. ಅಪ್ಪ ಅದನ್ನ ಒಂದಕ್ಷರ ಬಿಡದೆ ಬರ್ಕೊಂಡಿದ್ರು. ನನಗೂ ಬಾಯಿಪಾಠ ಮಾಡಿಸಿದ್ರು. ಮೇಷ್ಟ್ರ ಹೆಸರು ಮಾತ್ರ ಎಲ್ಲೂ ಇಲ್ಲ. ಅಪ್ಪ ತೀರ್ಕೊಂಡ ಮೇಲೆ, ಇಲ್ಲಿಗೆ ಕಳಿಸಿದ್ರೆ ತಿಳಿದೋರು ಯಾರಾದ್ರೂ ಗುರುತು ಹಿಡೀತಾರೆ ಅಂತ ಕಳಿಸ್ದೆ. ಇಲ್ಲ ಅಂತ ವಾಪಸ್ ಬಂತು. ಮೊನ್ನೆ ಪೇಪರಲ್ಲಿ ಅದೇ ತಲೆಬರಹ, ಪಕ್ಕದಲ್ಲಿ ನಿಮ್ಮ ಮುಖ! ಓಡಿ ಬಂದೆ."

ಚೀಲದಿಂದ, ಅಪ್ಪನ ನೋಟ್‌ಬುಕ್ಕಿನಲ್ಲಿದ್ದ ಒಂದು ಫೋಟೋ ತೆಗೆದಳು. ಜೈಲಿನ ಅಂಗಳದಲ್ಲಿ ನೆಲದ ಮೇಲೆ ಕುಳಿತ ಹನ್ನೆರಡು ಗಂಡಸರು. ನಡುವೆ ನಿಂತಿದ್ದ, ತಲೆ ತುಂಬ ಕೂದಲಿದ್ದ ತೆಳ್ಳಗಿನ ಯುವಕ ತಾವೇ ಎಂದು ಗುರುತು ಹಿಡಿಯಲು ಪ್ರೊಫೆಸರರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಿಮ್ಮ ಮಾತೇ ಸರ್ ಇವು. ನೀವು ಯಾರದನ್ನೂ ಕದ್ದಿಲ್ಲ," ಎಂದಳು ಆಕೆ ಮೆಲ್ಲಗೆ. "ನಾನು ಬಂದಿದ್ದು ಇನ್ನೊಂದು ಕೇಳೋಕೆ. ಒಂದು ಶನಿವಾರ ನೀವು ಬರಲೇ ಇಲ್ವಂತೆ; ಅಪ್ಪ ಇನ್ನೂ ಆರು ವರ್ಷ, ಪ್ರತಿ ಶನಿವಾರ ಅಂಗಿ ಒಗೆದು ಹಾಕ್ಕೊಂಡು ಕಾದ್ರು. ಯಾಕೆ ಬರೋದು ಬಿಟ್ರಿ ಸರ್?"