ಅಪ್ಪನ ಪಾತ್ರ

ಬೆಳಗಿನಿಂದ ಎಲ್ಲರೂ ಮೊಬೈಲ್ ಬಿಡದ ಮಗನ ಕಥೆಯನ್ನೇ ಹೇಳಿದ್ದಾರೆ. ತಾನೂ ಅದನ್ನೇ ಹೇಳಲೇ, ಬೇರೆಯದನ್ನು ಹೇಳಲೇ? ಎದುರಿಗಿದ್ದ ಸಹಪಾಠಿ ಆಪ್ತ ಸಮಾಲೋಚಕಿಯಾಗಿ ಕುಳಿತಿದ್ದಳು. ಅವನದು ಕಷ್ಟ ಹೇಳಿಕೊಳ್ಳಲು ಬಂದ ಅಪ್ಪನ ಪಾತ್ರ. ವಾರವೆಲ್ಲ ಶಾಲೆಯಲ್ಲಿ ಪಾಠ ಮಾಡಿ, ಭಾನುವಾರ ಶಾಲಾ ಸಮಾಲೋಚನೆಯ ಎಂ.ಎ. ಓದುವವರು ಇಬ್ಬರೂ. ಇವತ್ತು ಅವಳ ಪ್ರಾಯೋಗಿಕ ಪರೀಕ್ಷೆ.

“ಹೇಳಿ ಸರ್, ಏನು ತೊಂದರೆ?”

“ಮಗಳಿಗೆ ಅವಳ ಗೆಳತಿಯರ ಮುಂದೆ ಕೆನ್ನೆಗೆ ಹೊಡೆದೆ. ಹೋದ ಯುಗಾದಿಯಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಕರೆಯೋಕೂ ತಟ್ಟೆ ಬಡೀತಾಳೆ, ಅಷ್ಟೇ.”

ಇಬ್ಬರೂ ಸೇರಿ ಅಭ್ಯಾಸ ಮಾಡಿದ್ದು ಮೊಬೈಲ್ ಕಥೆ, ಇದಲ್ಲ. ಅವಳಿಗೆ ಮುಂದಿನ ಪ್ರಶ್ನೆಯೇ ಹೊಳೆಯಲಿಲ್ಲ.

ಪರೀಕ್ಷಕರು ನಕ್ಕರು. “ಒಂದೇ ಮನೇಲಿದ್ದು ಇಷ್ಟು ದಿನ ಮಾತಿಲ್ವೇನ್ರೀ? ಅಪ್ಪನ ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ. ಈಯಮ್ಮನೂ ಸುಮ್ನೆ ಕೂತುಬಿಟ್ರು. ಸಾಕು, ಏಳಿ.”

ಹೊರಗೆ ಬಂದವಳೇ ಸಿಡಿದಳು. “ಕೆಡಿಸಿಬಿಟ್ರಲ್ಲ ಮೇಷ್ಟ್ರೇ! ಇದು ಪಾಸಾಗಿದ್ರೆ ನನ್ನ ಕೆಲಸ ಖಾಯಂ ಆಗ್ತಿತ್ತು. ಬಾಯಿಪಾಠ ಮಾಡಿದ್ದನ್ನ ಹೇಳೋಕೆ ಏನಾಗಿತ್ತು? ನಿಮಗೆ ಮಕ್ಕಳಿದ್ದಾರೋ ಇಲ್ವೋ?”

“ಒಬ್ಬಳು ಮಗಳಿದಾಳೆ.”

“ಹಾಗಾದ್ರೆ ಮುಂದಿನ ಸಲ ಕಥೆ ಕಟ್ಟೋ ಮುಂಚೆ ಅವಳನ್ನೇ ಒಂದು ಮಾತು ಕೇಳ್ಕೊಂಡು ಬನ್ನಿ.”

“ಆಗ್ಲಿ ಮೇಡಂ,” ಎಂದ.

ಅದು ಕಟ್ಟಿದ ಕಥೆಯಲ್ಲ ಎಂದು ಅವನು ಅವಳಿಗೆ ಹೇಳಲೇ ಇಲ್ಲ.