ನುಂಗಿದ ಹಕಾರ

"ಅನ್ನೆರಡು ಅಳೇ ಅಡಗುಗಳು ಅತ್ತಿರ ಬಂದವು," ಎಂದು ಹಕಾರವನ್ನೆಲ್ಲ ನುಂಗಿ ಮಾತಿನ ಥೆರಪಿಸ್ಟ್ ಪೇಪರ್ ಓದಿದಾಗ, ಹಾಸಿಗೆಯಲ್ಲಿ ಕೂತಿದ್ದ ಮೇಷ್ಟ್ರ ಹುಬ್ಬು ಗಂಟಾಯಿತು. ಮೂವತ್ತು ವರ್ಷ ಮಕ್ಕಳ ಉಚ್ಚಾರ ತಿದ್ದಿದವರು, ಲಕ್ವ ಹೊಡೆದು ನಾಲಿಗೆ ತೊದಲತೊಡಗಿದ ಮೇಲೆ ನಾಚಿಕೆಯಿಂದ ನಲವತ್ತು ದಿನ ತುಟಿ ಪಿಟಕ್ಕೆಂದಿರಲಿಲ್ಲ.

ಮಗಳಿಗೆ ಮುಜುಗರವಾಯಿತು. "ಮೇಡಂ, ನಿನ್ನೆ ನನ್ನ ಹತ್ತಿರ ಚೆನ್ನಾಗೇ ಮಾತಾಡಿದ್ರಲ್ಲ?" ಎಂದು ಪಿಸುಗುಟ್ಟಿದಳು. ಥೆರಪಿಸ್ಟ್ ಕಣ್ಣಲ್ಲೇ ಸುಮ್ಮನಿರಲು ಹೇಳಿ, ಅದೇ ಸಾಲನ್ನು ಇನ್ನೂ ಕೆಟ್ಟದಾಗಿ ಓದಿದಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎಡಗೈ ಚಾಚಿ ಪೇಪರ್ ಕಿತ್ತುಕೊಂಡು, "ಹ... ಹನ್ನೆಲಡು," ಎಂದರು.

"ಅನ್ನೆರಡು," ಎಂದಳು ಅವಳು, ವಿಧೇಯ ವಿದ್ಯಾರ್ಥಿನಿಯಂತೆ.

"ಅಲ್ಲಮ್ಮ. ಹೊಟ್ಟೆಯಿಂದ ಉಸಿಲು ಬಲಬೇಕು. ಹ. ಹೇಳು ನೋಡೋಣ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಥೆರಪಿಸ್ಟ್ ಕಡೆ ನೋಡಿದಳು. ಆಕೆ ಬಹಳ ಕಷ್ಟಪಟ್ಟವಳಂತೆ ಮತ್ತೆ ತಪ್ಪೇ ಹೇಳಿದಳು.