ದೊಡ್ಡವನಿಗೊಂದು ಹೆಣ್ಣು

ಕಾಂತಿ ಹೋಟೆಲಿನ ಬಾಗಿಲನ್ನೇ ನೋಡುತ್ತಿದ್ದಳು. ಅಳದಂಗಡಿಯ ಹೆಣ್ಣಿನವರು ಹತ್ತೂವರೆಗೆ ಬರುತ್ತೇವೆಂದಿದ್ದರು. ಹನ್ನೊಂದಾಯಿತು. ದೊಡ್ಡ ಮಗನಿಗೆ ಈಗಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು.

“ಇವರೂ ಮನಸ್ಸು ಬದಲಾಯಿಸಿದ್ರೋ ಏನೋ,” ಎಂದಳು.

“ಸುಮ್ಮನೆ ಕೂತುಕೊ ಮಾರಾಯ್ತಿ. ಅವರಿಗೆ ಬಸ್ಸು ಸಿಗಬೇಡವಾ?” ಎಂದರು ಗಂಡ ಕಮಲಾಕ್ಷ. ಹಾಗೆಂದವರು ತಾವೂ ನಾಲ್ಕನೇ ಸಲ ವಾಚು ನೋಡಿದರು.

ನರಿಕೊಂಬಿನ ಮನೆ ಬಿಟ್ಟು ಬೆಳ್ತಂಗಡಿಯ ಈ ಹೋಟೆಲಿನಲ್ಲೇ ಮಾತುಕತೆಯಾಗಬೇಕೆಂದು ಹಟ ಹಿಡಿದದ್ದು ಕಾಂತಿ. ಬನ್ಸಿಗೆ ಹೆಸರಾದ ಹೋಟೆಲು. ದೊಡ್ಡವನು ಹೊಟ್ಟೆಯಲ್ಲಿದ್ದಾಗ ಅವಳ ಬಯಕೆ ಇದೊಂದೇ. ಆಗ ಇಲ್ಲೇ ಕೆಲಸಕ್ಕಿದ್ದ ಕಮಲಾಕ್ಷರು ದಿನಾ ಸಂಜೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಬಾಳೆಹಣ್ಣು ಕಿವುಚಿ ಮೈದಾ ಕಲಸಿ ಕರಿದದ್ದರಲ್ಲಿ ಅಂಥದ್ದೇನಿದೆಯೋ, ಬಸುರಿಯರನ್ನೇ ಕೇಳಬೇಕು.

ಈಗಿನ ಅವಸರ ಚಿಕ್ಕವನಿಂದಾಗಿ. ಭವಿತನಿಗೆ ಎರಡು ಸಲ ನಿಶ್ಚಯವಾಗಿ ಎರಡೂ ಸಲ ಮುರಿದಿತ್ತು. ದೊಡ್ಡವನದ್ದು ಮುಗಿಯದೆ ಚಿಕ್ಕವನದ್ದು ಕೂಡಿಬರುವುದಿಲ್ಲ ಎಂದರು ಹಿರಿಯರು. ಕಮಲಾಕ್ಷರು ಬಂದದ್ದು ಭವಿತನಿಗಾಗಿ. ಕಾಂತಿ ಬಂದದ್ದು ದೊಡ್ಡವನಿಗಾಗಿಯೇ. ಅವನು ಒಂಟಿ ಎಂಬ ಸಂಕಟ ಅವಳನ್ನು ವರ್ಷಗಟ್ಟಲೆ ತಿಂದಿತ್ತು.

ಕೊನೆಗೂ ಹುಡುಗಿಯ ಅಪ್ಪ ವೆಂಕಪ್ಪ, ಅಮ್ಮ ಸೇಸಮ್ಮ ಬಂದರು. ಹುಡುಗಿ ಬಂದಿರಲಿಲ್ಲ. ಹುಡುಗನೂ ಬಂದಿರಲಿಲ್ಲ. ಹಿರಿಯರೇ ಕೂತು ಮುಗಿಸುವ ಮಾತು.

“ನಿಮ್ಮ ಕುಲದ ಬರಿ ಬೇರೆ, ನಮ್ಮದು ಬೇರೆ. ವಿಚಾರಿಸಿಯೇ ಬಂದದ್ದು,” ಎಂದರು ವೆಂಕಪ್ಪ. “ಬರಿ ಒಂದೇ ಆದ್ರೆ ಅಣ್ಣ ತಂಗಿ ಆಗ್ತಾರಲ್ಲ. ಹುಡುಗನ ಪ್ರಾಯ?”

“ಇಪ್ಪತ್ತೊಂಬತ್ತು,” ಎಂದಳು ಕಾಂತಿ.

“ಸಾತ್ವಿಕಾಳಿಗೆ ಇಪ್ಪತ್ತಾರು. ಸರಿ ಉಂಟು.”

ಸೇಸಮ್ಮ ಪರ್ಸಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಎರಡು ಜಡೆ, ತುಟಿ ಬಿರಿದ ನಗು.

“ಶಾಲೆಯಲ್ಲಿ ತೆಗೆದದ್ದು. ಆಮೇಲೆ ತೆಗೆಸ್ಲಿಕ್ಕೆ ಆಗ್ಲಿಲ್ಲ.”

“ಚಂದ ಉಂಟು,” ಎಂದಳು ಕಾಂತಿ. “ನಮ್ಮವನ ಫೋಟೋ ಇಲ್ಲ.”

ಹಿಂದಿನ ಸಂಬಂಧ ಮುರಿದದ್ದು ಇದೇ ಮಾತಿಗೆ. ಅವರು ಎದ್ದೇ ಹೋಗಿದ್ದರು. ಸೇಸಮ್ಮ ಏಳಲಿಲ್ಲ. ಕಾಂತಿಯ ಮುಖವನ್ನು ತುಸು ಹೊತ್ತು ನೋಡಿದರು.

“ನಿಮ್ಮನ್ನು ನೋಡಿದೆನಲ್ಲ. ಸಾಕು.”

ಕಾಂತಿಗೆ ಅಳು ಬಂತು. ಬನ್ಸೂ ಬಂತು. ನಾಲ್ವರೂ ಮುಟ್ಟಲಿಲ್ಲ.

“ಹುಡುಗನಿಗೆ ತಿನ್ಲಿಕ್ಕೆ ಏನು ಇಷ್ಟ?” ಸೇಸಮ್ಮ ಕೇಳಿದರು. “ಬಡಿಸುವಾಗ ಗೊತ್ತಿರಬೇಕಲ್ಲ.”

“ಬನ್ಸ್. ಇಲ್ಲಿಯದ್ದೇ.”

ಕಮಲಾಕ್ಷರು ತಲೆ ತಗ್ಗಿಸಿದರು.

“ನಮ್ಮವಳಿಗೆ ಕತ್ತಲೆ ಅಂದ್ರೆ ಹೆದರಿಕೆ,” ಎಂದರು ಸೇಸಮ್ಮ. “ಒಬ್ಬಳನ್ನೇ ಎಲ್ಲಿಗೂ ಕಳಿಸಿದವರಲ್ಲ ನಾವು. ನಿಮ್ಮವ ಜೊತೆಗೆ ಇರ್ತಾನಲ್ವಾ?”

“ಇರ್ತಾನೆ. ಅವನಿಗೂ ಅಲ್ಲಿ ಬೇರೆ ಯಾರಿದ್ದಾರೆ?”

ತಾಯಂದಿರಿಬ್ಬರೂ ಮೇಜಿನ ಮೇಲೆ ಕೈ ಹಿಡಿದುಕೊಂಡರು. ಹೆಣ್ಣಿನವರು ಒಪ್ಪಿದ್ದರು. ಕಾಂತಿಗೆ ಎದೆಯ ಭಾರ ಇಳಿದಂತಾಯಿತು, ಇಳಿದ ಜಾಗ ಇನ್ನಷ್ಟು ನೋಯಿತು.

“ಹಾಗಾದ್ರೆ ಆಟಿ ತಿಂಗಳಲ್ಲೇ ಮುಗಿಸುವ,” ಎಂದರು ವೆಂಕಪ್ಪ. “ಸೀರೆ ನೀವು ತನ್ನಿ. ಪಂಚೆ, ಶಾಲು ನಾವು ತರ್ತೇವೆ.” ಕಿಸೆಯಿಂದ ಚೀಟಿ, ಪೆನ್ನು ತೆಗೆದರು. “ಹುಡುಗನ ಹೆಸರು ಹೇಳಿ. ಬರ್ಕೊಳ್ತೇನೆ.”

ಕಮಲಾಕ್ಷರು ತಡವರಿಸಿದರು.

“ಶೋಧನ್,” ಎಂದಳು ಕಾಂತಿ.

ಕಮಲಾಕ್ಷರು ಹೆಂಡತಿಯ ಕಡೆ ತಿರುಗಿದರು. ಮಗನ ಹೆಸರನ್ನು ಅವರು ಕೇಳಿದ್ದು ಅದೇ ಮೊದಲು.

ಒಂದನೇ ತರಗತಿಯಲ್ಲಿ ಜ್ವರ ಬಂದು ತೀರಿಹೋದ ಸಾತ್ವಿಕಾಳ ಪ್ರೇತಮದುವೆಗೆ ಅಂದು ಗೊತ್ತಾದ ಗಂಡು, ಹುಟ್ಟಿದ ಆರನೆಯ ದಿನವೇ, ನಾಮಕರಣಕ್ಕೂ ಮೊದಲು, ಕಣ್ಣು ಮುಚ್ಚಿದ್ದ.